ಉಯೋಮಾದವಳಿಗೆ ಅಳು ಬರಲಿಲ್ಲ

ಸರೋವರದ ದಡದ ಅಸೆಂಬೋದಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಪೆಟ್ಟಿಗೆ ಮಾಡುವ ಬಡಗಿಗೆ ಹೇಳಿ ಕಳಿಸುತ್ತಿದ್ದರು, ಅದರ ಬೆನ್ನಿಗೇ ದೋರ್ಸಿಲಾಗೆ. ಅವಳಿಗೆ ಅದು ಕಸುಬಲ್ಲ, ಕೂಲಿಗೆ ಅಳುವವಳೂ ಅಲ್ಲ. ಆದರೆ ಸತ್ತವರನ್ನು ಹಾಡಿಕೊಂಡು ಅಳುವುದು ಅವಳಿಗೆ ಒಲಿದ ಹಾಗೆ ಸುತ್ತಲಿನ ಹಳ್ಳಿಗಳಲ್ಲಿ ಇನ್ಯಾರಿಗೂ ಒಲಿದಿರಲಿಲ್ಲ. ಸುದ್ದಿ ಬಂದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು, ಸೊಂಟಕ್ಕೊಂದು ಬಟ್ಟೆ ಬಿಗಿದು ಹೊರಡುತ್ತಿದ್ದಳು. ಸಾವಿನ ಮನೆ ಇನ್ನೂ ಎರಡು ಹೊಲದಾಚೆ ಇರುವಾಗಲೇ ದನಿ ಎತ್ತುತ್ತಿದ್ದಳು. ಅದು ಕಿವಿಗೆ ಬಿದ್ದದ್ದೇ ಅತ್ತು ಸುಸ್ತಾಗಿ ಅಂಗಳದಲ್ಲಿ ಕೂತಿದ್ದ ಹೆಂಗಸರು ಬಟ್ಟೆ ಸರಿಮಾಡಿಕೊಂಡು ಮತ್ತೆ ಏಳುತ್ತಿದ್ದರು. "ಉಯೋಮಾದವಳು ಬಂದ್ಲು" ಎನ್ನುತ್ತಿದ್ದರು. ಮದುವೆಯಾಗಿ ಬಂದ ಹೆಣ್ಣನ್ನು ತವರಿನ ಹೆಸರು ಹಿಡಿದು ಕರೆಯುವುದು ಲುವೋ ಜನರ ರೂಢಿ. ಅವಳ ತವರು ಸರೋವರದೊಳಕ್ಕೆ ಚಾಚಿಕೊಂಡಿರುವ ಉಯೋಮಾ.

ಒಳಗೆ ಬಂದವಳು ಸತ್ತವನ ಹೆಸರು, ಅವನಪ್ಪನ ಹೆಸರು, ಅಜ್ಜನ ಹೆಸರು ಹಿಡಿದು ಕೂಗುತ್ತಿದ್ದಳು. ಅವನ ಎತ್ತಿನ ಬಣ್ಣ, ಅವನು ಬಲೆ ಬೀಸುತ್ತಿದ್ದ ರೀತಿ, ಅವನ ಕುಡಿತ, ಹೆಂಡತಿಗೆ ಹೆದರಿ ಹಿತ್ತಲ ಬೇಲಿ ಹಾರಿದ್ದು, ಎಲ್ಲವೂ ಹಾಡಿಗೆ ಬರುತ್ತಿತ್ತು. ಅಳುತ್ತಿದ್ದವರು ನಡುವೆ ನಕ್ಕುಬಿಡುತ್ತಿದ್ದರು, ನಕ್ಕವರು ಮತ್ತೆ ಇನ್ನಷ್ಟು ಅಳುತ್ತಿದ್ದರು. ಅವಳ ಗಂಡ ಜಬ್ಲೋನ್ ಓಚೋಲಾಗೆ ಹಿಟ್ಟಿನ ಗಿರಣಿ ಇತ್ತು. ಅವನು ಸತ್ತಾಗ ಆ ಗಿರಣಿಯ ಸದ್ದನ್ನೂ ಬಾಯಲ್ಲಿ ಮಾಡಿ ಹಾಡಿದ್ದಳು. ಜನ ಇವತ್ತಿಗೂ ಅದನ್ನು ನೆನೆಯುತ್ತಾರೆ.

ಅದನ್ನು ಮೆಚ್ಚದವಳು ಒಬ್ಬಳೇ, ಯೂನಿಯಾ. ಜಬ್ಲೋನನ ಮೊದಲ ಹೆಂಡತಿ, ಲುವೋ ಮಾತಿನಲ್ಲಿ ಆ ಮನೆತನದ ಮಿಕಾಯಿ. ಅವಳ ಮನೆ ಹೆಬ್ಬಾಗಿಲಿಗೆ ನೇರ ಎದುರಿಗೆ. ದೋರ್ಸಿಲಾಳದು ಅದರ ಬಲಕ್ಕೆ, ಎರಡನೆಯವಳಿಗೆ ಸಲ್ಲುವ ಜಾಗದಲ್ಲಿ. ನಡುವೆ ಒಂದೇ ಅಂಗಳ, ಒಂದೇ ಮಾವಿನ ಮರ, ನಲವತ್ತು ವರ್ಷ ಮೀರಿದ ಸವತಿತನ.

"ಹೆಣ ಇನ್ನೂ ಮನೇಲಿರೋವಾಗ ಗಿರಣಿ ಸದ್ದು ಮಾಡಿ ನಗಿಸ್ತಾಳೆ. ನಾಚಿಕೆ ಅನ್ನೋದು ಉಯೋಮಾದಲ್ಲಿ ಬೆಳೆಯೋದಿಲ್ವೇನೋ" ಎಂದಿದ್ದಳು ಯೂನಿಯಾ ಆವತ್ತು.

"ಮಿಕಾಯಿ, ನೀನು ಸತ್ತಾಗ ಯಾವ ಸದ್ದು ಮಾಡ್ಲಿ ಅಂತ ಈಗ್ಲೇ ಹೇಳ್ಬಿಡು. ಆಮೇಲೆ ಕೇಳೋಕೆ ಆಗಲ್ಲ."

"ನಾನು ಸಾಯೋವಾಗ ನೀನಿದ್ರೆ ತಾನೆ."

ಗಂಡ ಹೋದ ಮೇಲೂ ಇದು ನಿಲ್ಲಲಿಲ್ಲ. ಒಬ್ಬಳ ಕೋಳಿ ಇನ್ನೊಬ್ಬಳ ಕಾಳಿಗೆ ಬಾಯಿ ಹಾಕಿದ್ದು, ಕಸ ಗುಡಿಸಿದ್ದು ಯಾರ ಕಡೆಗೆ, ಯಾರ ಮನೆಯ ಮೀನಿಗೆ ಉಪ್ಪು ಜಾಸ್ತಿ, ಹೀಗೆ ದಿನಕ್ಕೊಂದು. ಮಕ್ಕಳು ದೊಡ್ಡವರಾದ ಮೇಲೆ ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟರು.

ದೋರ್ಸಿಲಾಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದೂ ಒಂದು ಸಾವಿನ ಮನೆಯಲ್ಲೇ. ಹಾಡುತ್ತ ಹಾಡುತ್ತ ದಾಹ ತಾಳಲಾರದೆ ಮಡಕೆಯ ನೀರೆಲ್ಲ ಕುಡಿದು, ಹಿತ್ತಲಿಗೆ ಓಡಾಡಿ ಸಾಕಾಗಿ, ಕೊನೆಗೆ ಬೇಲಿಯ ಬಳಿ ಕುಸಿದಳು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿ ಸಕ್ಕರೆ ಅಂದರು, ತೋಳಿಗೆ ಪಟ್ಟಿ ಸುತ್ತಿ ನೋಡಿ ಬಿಪಿ ಅಂದರು, ಮಾತ್ರೆ ಕೊಟ್ಟರು. ಆಗ ಅವಳಿಗೆ ಅರವತ್ತು ದಾಟಿತ್ತು. ಇಷ್ಟೇ ತಾನೆ ಎಂದುಕೊಂಡು ನಗುತ್ತಲೇ ಮನೆಗೆ ಬಂದಿದ್ದಳು.

ಕಾಯಿಲೆ ಒಮ್ಮೆಗೇ ಏನನ್ನೂ ಕಿತ್ತುಕೊಳ್ಳಲಿಲ್ಲ. ಮೊದಲು ಟೀಯೊಳಗಿನ ಸಕ್ಕರೆ ಹೋಯಿತು. ಆಮೇಲೆ ಮಾವಿನ ಹಣ್ಣು. ಆಮೇಲೆ ಕಣ್ಣು ಮಬ್ಬಾಯಿತು, ದಾರಿಯಲ್ಲಿ ಎದುರಾದವರನ್ನು ದನಿಯಿಂದ ಗುರುತು ಹಿಡಿಯಬೇಕಾಯಿತು. ಪಾದಗಳು ತನ್ನವಲ್ಲದ ಹಾಗಾದವು. ನಡೆಯುವಾಗ ನೆಲ ತಾಗಿತೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕು. ಎಡಗಾಲಿನ ಕಿರುಬೆರಳು ಕಪ್ಪಾಗಿ, ಅದನ್ನು ಕತ್ತರಿಸಿ ತೆಗೆದರು. ನೋವಾಗಲಿಲ್ಲ. ನೋವಾಗಲಿಲ್ಲವೆಂದು ಡಾಕ್ಟರು ಮುಖ ಗಂಟಿಕ್ಕಿದರು, ಅವಳು ಸಮಾಧಾನಪಟ್ಟಳು.

ಇದೆಲ್ಲದರ ನಡುವೆ ಎಲ್ಲೋ ಇನ್ನೊಂದು ಹೋಯಿತು. ಅದು ಯಾವಾಗ ಹೋಯಿತೆಂದು ಅವಳಿಗೂ ಹೇಳಲು ಬಾರದು. ಬೆಳಗಾದರೆ ಎಚ್ಚರವಾಗುತ್ತಿತ್ತು, ಏಳಬೇಕೆನಿಸುತ್ತಿರಲಿಲ್ಲ. ಉಂಡರೆ ಬಾಯಲ್ಲಿ ಮುದ್ದೆ ಇದೆಯೆಂದು ಗೊತ್ತಾಗುತ್ತಿತ್ತು, ಅಷ್ಟೆ. ದುಃಖವೆಂದರೆ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಊರಿನ ದುಃಖವನ್ನೆಲ್ಲ ಗಂಟಲಲ್ಲಿಟ್ಟುಕೊಂಡು ಬದುಕಿದವಳು. ಇದು ದುಃಖವಾಗಿರಲಿಲ್ಲ. ದುಃಖವಾಗಿದ್ದರೆ ಅದಕ್ಕೊಂದು ಹಾಡು ಸಿಗುತ್ತಿತ್ತು.

ಅವಳ ತಮ್ಮ ಅಬ್ಸಲೋಮ್ ಸತ್ತದ್ದು ದೊಡ್ಡ ಮಳೆ ಶುರುವಾಗುವ ಮುಂಚೆ. ಉಯೋಮಾದ ದಡದಲ್ಲಿ ದೋಣಿ ಇಟ್ಟುಕೊಂಡು ಮೀನು ಹಿಡಿಯುತ್ತಿದ್ದವನು. ಅವ್ವ ಹೊಲಕ್ಕೆ ಹೋದಾಗ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ದೋರ್ಸಿಲಾ. ಸುದ್ದಿ ತಂದದ್ದು ಅವಳ ಮಗ ಒಕುಮು. ಪೇಟೆಯಲ್ಲಿ ಜನರನ್ನು ಬೈಕಿನ ಮೇಲೆ ಕರೆದೊಯ್ಯುವುದು ಅವನ ದುಡಿಮೆ. ಬೈಕನ್ನು ಅಂಗಳದಲ್ಲೇ ಬೀಳಿಸಿ ಬಂದು, "ಅವ್ವ, ಸೋದರಮಾವ ಹೋದ್ರು" ಎಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತ.

"ಹೌದಾ" ಎಂದಳು ದೋರ್ಸಿಲಾ. ಒಳಗೆ ಹೋಗಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಬಂದಳು.

ತವರಿನ ತಿರುವಿನಲ್ಲಿ ಬೈಕು ನಿಂತಿತು. ಅಲ್ಲಿಂದ ಅವಳು ನಡೆದುಕೊಂಡೇ ಹೋಗಬೇಕು, ಹೋಗುತ್ತ ದನಿ ತೆಗೆಯಬೇಕು, ಅದು ಎಲ್ಲರಿಗೂ ಗೊತ್ತು. ಬಾಗಿಲ ಬಳಿಯ ಹೆಂಗಸರು ಅವಳನ್ನು ಕಂಡು ಅಳು ನಿಲ್ಲಿಸಿ ದಾರಿ ಬಿಟ್ಟರು, ಹಿಂದೆ ಸೇರಿಕೊಳ್ಳಲು ಅಣಿಯಾದರು. ದೋರ್ಸಿಲಾ ಬಾಯಿ ತೆರೆದಳು. "ಅಬ್ಸಲೋಮ್" ಎಂದಳು. ಊಟಕ್ಕೆ ಕರೆಯುವ ದನಿಯಲ್ಲಿ ಬಂತು. ಇನ್ನೊಮ್ಮೆ ಬಾಯಿ ತೆರೆದಳು, ಏನೂ ಬರಲಿಲ್ಲ. ಹಾಡಿಗೆ ಬೇಕಾದ್ದೆಲ್ಲ ನೆನಪಿನಲ್ಲಿತ್ತು. ಚಿಕ್ಕವನಿದ್ದಾಗ ಅವನು ಮಣ್ಣು ತಿನ್ನುತ್ತಿದ್ದದ್ದು, ಮೊದಲ ದೋಣಿಗೆ ಅಕ್ಕನ ಹೆಸರಿಟ್ಟದ್ದು, ಅದು ಮುಳುಗಿದಾಗ ಅಕ್ಕ ಮುಳುಗಿದಳೆಂದು ಊರೆಲ್ಲ ಸಾರಿ ನಗಿಸಿದ್ದು. ಎಲ್ಲ ಇತ್ತು. ಆದರೆ ಬೇರೆ ಯಾರದೋ ಅಡುಗೆಮನೆಯಲ್ಲಿ ಜೋಡಿಸಿಟ್ಟ ಪಾತ್ರೆಗಳನ್ನು ಹೊರಗೆ ನಿಂತು ನೋಡಿದ ಹಾಗಿತ್ತು.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಕೊನೆಗೆ ಅಬ್ಸಲೋಮನ ನಾದಿನಿಯೊಬ್ಬಳು ಹಾಡು ಎತ್ತಿಕೊಂಡಳು, ಹೆಂಗಸರು ಅವಳ ಹಿಂದೆ ಹೋದರು. ದೋರ್ಸಿಲಾಗೆ ಶಾಮಿಯಾನದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಪೆಟ್ಟಿಗೆಯಲ್ಲಿದ್ದ ತಮ್ಮನ ಮುಖ ನೋಡಿದಳು. ಗಲ್ಲದ ಕೆಳಗೆ ಸರಿಯಾಗಿ ಗಡ್ಡ ಹೆರೆದಿಲ್ಲ ಅನ್ನಿಸಿತು. ಮಣ್ಣು ಹಾಕುವವರೆಗೂ ಅದೊಂದೇ ತಲೆಯಲ್ಲಿತ್ತು.

ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. "ಒಡಹುಟ್ಟಿದವನಿಗೆ ಒಂದು ಹನಿ ಇಲ್ಲ. ಊರೋರಿಗೆಲ್ಲ ಅತ್ತಿದ್ದು ಅಲ್ಲಿ ಕೋಳಿ ಸಾರಿಗೆ ಅಂತಾಯ್ತು."

ಅವಳು ತಿರುಗಿ ನೋಡಲಿಲ್ಲ. ಚುಚ್ಚಬೇಕಾದ ಮಾತು, ಚುಚ್ಚಲಿಲ್ಲ. ಬೈಕಿನಲ್ಲಿ ವಾಪಸ್ ಬರುವಾಗ ಒಕುಮು ಕತ್ತು ತಿರುಗಿಸಿ ಕೇಳಿದ, "ಅವ್ವ, ಹುಷಾರಿಲ್ವಾ?"

"ಕಾಲು" ಎಂದಳು.

ಅಂದಿನಿಂದ ಎಲ್ಲದಕ್ಕೂ ಕಾಲೇ ಉತ್ತರವಾಯಿತು. ಸಾವಿನ ಮನೆಯಿಂದ ಕರೆಯಲು ಬಂದವರಿಗೆ ಕಾಲು, ಇಗರ್ಜಿಗೆ ಬಾ ಅಂದವರಿಗೆ ಕಾಲು. ನಿಧಾನವಾಗಿ ಕರೆಯುವವರೂ ಬರದಾದರು. ಒಕುಮುವಿನ ಹೆಂಡತಿ ಮಿಲ್ಡ್ರೆಡ್ ಹೊತ್ತುಹೊತ್ತಿಗೆ ತಟ್ಟೆ ತಂದಿಡುತ್ತಿದ್ದಳು, ಇಟ್ಟ ಹಾಗೇ ಎತ್ತಿಕೊಂಡು ಹೋಗುತ್ತಿದ್ದಳು. "ಅತ್ತೆ, ಮೀನು ಬೇಡಾಂದ್ರೆ ಸೊಪ್ಪು ಮಾಡ್ಲಾ?" ಎಂದರೆ "ಹೂಂ". "ಸೊಪ್ಪು ಬೇಡಾಂದ್ರೆ ಗಂಜಿ?" ಎಂದರೂ "ಹೂಂ". ಮಾತ್ರೆ ಕೊಟ್ಟರೆ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಮಿಲ್ಡ್ರೆಡ್ ಆಚೆ ಹೋದ ಮೇಲೆ ಅದು ಚಾಪೆಯ ಕೆಳಗೆ ಹೋಗುತ್ತಿತ್ತು. ಸಾಯಬೇಕೆಂದಲ್ಲ. ನುಂಗುವುದಕ್ಕೆ ನೀರಿನ ಲೋಟ ಎತ್ತಬೇಕಲ್ಲ ಎಂದು.

ಇಗರ್ಜಿಯವರು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವಳು ಕಣ್ಣು ಮುಚ್ಚು ಅಂದಾಗ ಮುಚ್ಚಿದಳು, ತೆರೆ ಅಂದಾಗ ತೆರೆದಳು. ಊರಿನ ಹಿರಿಯನೊಬ್ಬ ಇದು ಚಿರಾ ಅಂದ. ಯಾವುದೋ ಕಟ್ಟುಪಾಡು ಮೀರಿದವರನ್ನು ಒಳಗಿಂದ ಒಣಗಿಸುವ ದೋಷ. ಗಂಡನ ಸಾವಿನಲ್ಲಿ ಅಷ್ಟು ನಗಿಸಿದ್ದಕ್ಕೇ ಇರಬೇಕೆಂದು ಅವನ ಲೆಕ್ಕಾಚಾರ. ದೋಷ ತೆಗೆಸೋಣವೇ ಎಂದು ಒಕುಮು ಕೇಳಿದಾಗಲೂ ಅವಳು "ಹೂಂ" ಅಂದಳು. ಮೊದಲಿನ ದೋರ್ಸಿಲಾ ಆಗಿದ್ದರೆ ಆ ಹಿರಿಯನ ಮೂರು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಒಕುಮುಗೆ ಹೆದರಿಕೆಯಾಗಿ ಆ ಮಾತನ್ನು ಅಲ್ಲಿಗೇ ಬಿಟ್ಟ.

ಯೂನಿಯಾ ಮಾತ್ರ ತನ್ನ ಪಾಠ ಬಿಟ್ಟಿರಲಿಲ್ಲ. ದಿನಾ ಬೆಳಗ್ಗೆ ಮಾವಿನ ಮರದ ಕೆಳಗೆ ಕಾಲು ಚಾಚಿ ಕೂತು ಶುರು ಮಾಡುತ್ತಿದ್ದಳು.

"ರಾಣಿಯವರು ಇನ್ನೂ ಎದ್ದಿಲ್ವೇನೋ. ನನಗಿಲ್ವಾ ಮಂಡಿ? ನನ್ನ ಮಂಡಿ ಎರಡೂ ಹಳೇ ಬಾಗಿಲ ಥರ ಕಿರುಗುಟ್ತಾವೆ. ನಾನು ಮಲಗಿದೀನಾ?"

ಒಳಗಿಂದ ಉತ್ತರವಿಲ್ಲ.

"ಮಿಲ್ಡ್ರೆಡ್, ನಿಮ್ಮತ್ತೆ ಬಾಯಿನೂ ಕತ್ತರಿಸಿ ತೆಗೆದ್ರಾ ಆಸ್ಪತ್ರೇಲಿ? ಕೇಳು ಸ್ವಲ್ಪ."

ಆಗಲೂ ಇಲ್ಲ. ಬೈದದ್ದಕ್ಕೆ ಬೈಗುಳ ವಾಪಸ್ ಬರದೆ ಯೂನಿಯಾಗೆ ಹೊತ್ತು ಹೋಗುವುದೇ ಕಷ್ಟವಾಯಿತು. ಬೇಕೆಂದೇ ತನ್ನ ಕೋಳಿಗಳನ್ನು ಸವತಿಯ ಬಾಗಿಲಿಗೆ ಅಟ್ಟಿ ನೋಡಿದಳು. ಕೋಳಿಗಳು ಒಳಗೆ ಹೋಗಿ ತಟ್ಟೆಯಲ್ಲಿದ್ದ ಮುದ್ದೆ ತಿಂದು ಬಂದವು.

ಮಳೆ ಹಿಡಿದುಕೊಂಡ ಒಂದು ಬೆಳಗ್ಗೆ ಚಳಿಯೆಂದು ಮಿಲ್ಡ್ರೆಡ್ ಅತ್ತೆಯನ್ನು ಅಡುಗೆ ಗುಡಿಸಲಿನಲ್ಲಿ ಒಲೆಯ ಪಕ್ಕ ಕೂರಿಸಿ ನೀರಿಗೆ ಹೋದಳು. ದೋರ್ಸಿಲಾ ಬೆಂಕಿ ನೋಡುತ್ತ ಕೂತಳು. ಎಡಗಾಲು ಒಲೆಗಲ್ಲಿಗೆ ತಾಗಿಕೊಂಡಿತ್ತು. ಕೆಂಡ ಕೇಳಿಕೊಂಡು ಹೋಗಲು ಬಂದ ಯೂನಿಯಾ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಏನೇ ಅದು ಸೀಯ್ತಿರೋದು? ಮೀನಾ?" ಎಂದವಳು ಬಗ್ಗಿ ನೋಡಿದಳು. ಮಂಡಿ ನೋವನ್ನೂ ಮರೆತು ದಡಕ್ಕನೆ ಕೂತು, ಆ ಕಾಲನ್ನು ಎರಡೂ ಕೈಯಲ್ಲಿ ಎಳೆದು, ಪಕ್ಕದ ಕೊಡದಲ್ಲಿದ್ದ ನೀರೆಲ್ಲ ಸುರಿದಳು. "ಹುಚ್ಚೀ, ಕಾಲು ಸುಡ್ತಿದೆ."

ದೋರ್ಸಿಲಾ ತನ್ನ ಕಾಲನ್ನು ನೋಡಿದಳು. ಅಂಗಾಲಿನ ಪಕ್ಕದ ಚರ್ಮ ಬೆಂದು ಬಿಟ್ಟಿತ್ತು. "ಹೌದು" ಎಂದಳು.

"ಗೊತ್ತೇ ಆಗ್ಲಿಲ್ವಾ ನಿನಗೆ?"

"ಉರಿ ಗೊತ್ತಾಗ್ಲಿಲ್ಲ. ವಾಸನೆ ಗೊತ್ತಾಯ್ತು."

"ಮತ್ತೆ?"

ಸುಳ್ಳು ಹೇಳುವುದಕ್ಕೂ ಒಂದು ಕಸುವು ಬೇಕು, ಅದೂ ದೋರ್ಸಿಲಾಳಲ್ಲಿ ಉಳಿದಿರಲಿಲ್ಲ. "ತೆಗೀಬೇಕು ಅನ್ನಿಸ್ಲಿಲ್ಲ, ಮಿಕಾಯಿ."

ಯೂನಿಯಾ ನೆಲದ ಮೇಲೆ ಹಾಗೇ ಕೂತುಬಿಟ್ಟಳು. ಸವತಿಯ ಮುಖವನ್ನೇ ನೋಡಿದಳು, ಬಹಳ ಹಿಂದೆ ಕಂಡಿದ್ದ ಯಾರನ್ನೋ ಈಗ ಗುರುತು ಹಿಡಿದವಳ ಹಾಗೆ. ಆಮೇಲೆ ಎದ್ದು ಹೊರಗೆ ಹೋಗಿ ಒಕುಮುಗೆ ಕೂಗು ಹಾಕಿದಳು.

ಬೈಕಿನ ಮೇಲೆ ಕಾಲಿಡುವುದಿಲ್ಲವೆಂದು ಯೂನಿಯಾ ಶಪಥ ಮಾಡಿದ್ದವಳು. ಅಂಥವಳು ಸೀರೆಯ ಹಾಗೆ ಸುತ್ತಿಕೊಂಡ ಬಟ್ಟೆಯನ್ನು ಮಂಡಿಗೆತ್ತಿ ಕಟ್ಟಿ, ದೋರ್ಸಿಲಾಳನ್ನು ಒಕುಮುವಿನ ಹಿಂದೆ ಕೂರಿಸಿ, ಅವಳ ಹಿಂದೆ ತಾನೂ ಹತ್ತಿದಳು.

"ದೊಡ್ಡವ್ವ, ಮೂರು ಜನ ಆದ್ರೆ ಪೊಲೀಸ್ರು ಹಿಡೀತಾರೆ" ಎಂದ ಒಕುಮು.

"ಹಿಡೀಲಿ. ಸವತೀನ ತಬ್ಕೊಂಡು ಕೂತಿದೀನಿ, ಇದಕ್ಕಿಂತ ದೊಡ್ಡ ಶಿಕ್ಷೆ ನಿಮ್ಮತ್ರ ಯಾವುದಿದೆ ಅಂತ ಕೇಳ್ತೀನಿ. ನಡಿ."

ಕೆಸರಿನ ದಾರಿಯಲ್ಲಿ ಬೈಕು ಜಾರಿದಾಗಲೆಲ್ಲ ಯೂನಿಯಾ ಬೈಕನ್ನೂ, ಅದನ್ನು ಮಾಡಿದವರನ್ನೂ, ರಸ್ತೆ ಮಾಡದವರನ್ನೂ ಬೈಯುತ್ತಿದ್ದಳು. ಅವಳ ತೋಳುಗಳು ಮಾತ್ರ ದೋರ್ಸಿಲಾಳ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದವು. ದೋರ್ಸಿಲಾಗೆ ಆ ತೋಳಿನ ಬಿಗಿ ಗೊತ್ತಾಗುತ್ತಿತ್ತು. ಒಳ್ಳೆಯದೆಂದೂ ಅನ್ನಿಸಲಿಲ್ಲ, ಕೆಟ್ಟದೆಂದೂ ಅನ್ನಿಸಲಿಲ್ಲ.

ಆಸ್ಪತ್ರೆಯಲ್ಲಿ ಗಾಯ ತೊಳೆದು ಕಟ್ಟಿದರು, ಬೆರಳು ಚುಚ್ಚಿ ನೋಡಿದರು. ಸಕ್ಕರೆ ಯಂತ್ರದ ಅಳತೆಯನ್ನೇ ಮೀರಿತ್ತು. ಡಾಕ್ಟರು ನಡುವಯಸ್ಸಿನ ಹೆಂಗಸು, ಕಿಸುಮು ಪಟ್ಟಣದ ಕಡೆಯವಳು. ಮಾತ್ರೆ ತಗೊಳ್ಳುತ್ತಿದ್ದೀರಾ ಎಂದು ಕೇಳಿದಳು. ದೋರ್ಸಿಲಾ "ಹೂಂ" ಅಂದಳು.

"ಎಲ್ಲಾದಕ್ಕೂ ಹೂಂ ಅಂತಾಳೆ ಅವಳು" ಎಂದಳು ಯೂನಿಯಾ. "ನೀನು ಕಪ್ಪೆನಾ ಅಂತ ಕೇಳಿ ನೋಡಿ, ಅದಕ್ಕೂ ಹೂಂ ಅಂತಾಳೆ. ಕಾಲು ಸುಡ್ತಿದ್ರೂ ತೆಗೀಬೇಕು ಅನ್ನಿಸ್ಲಿಲ್ವಂತೆ. ಅದಕ್ಕೆ ಔಷಧಿ ಕೊಡಿ ಮೊದಲು."

ಡಾಕ್ಟರು ಪೆನ್ನು ಕೆಳಗಿಟ್ಟಳು. ಹೊರಗೆ ಜನರ ಸಾಲು ದೊಡ್ಡದಿತ್ತು, ಆದರೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಮ್ಮ, ನಿದ್ದೆ ಹೇಗೆ?"

"ಬರುತ್ತೆ, ಹೋಗುತ್ತೆ."

"ಮೊದಲು ಇಷ್ಟ ಆಗ್ತಿದ್ದದ್ದು ಈಗ ಇಷ್ಟ ಆಗುತ್ತಾ?"

"ಇಷ್ಟ" ಎಂದಳು ದೋರ್ಸಿಲಾ, ಆ ಶಬ್ದವನ್ನು ಬಾಯಲ್ಲಿಟ್ಟು ನೋಡುವವಳ ಹಾಗೆ.

"ಬದುಕಿರೋದೇ ಬೇಡ ಅನ್ನಿಸುತ್ತಾ?"

"ಸಾಯ್ಬೇಕು ಅಂತಿಲ್ಲ. ಇರ್ಬೇಕು ಅಂತಾನೂ ಇಲ್ಲ." ಬಿಟ್ಟುಹೋದದ್ದನ್ನು ಸೇರಿಸುವವಳಂತೆ ಅಂದಳು, "ನನ್ನ ತಮ್ಮ ಸತ್ತ. ನನಗೆ ಅಳು ಬರ್ಲಿಲ್ಲ."

ಯೂನಿಯಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಇದೂ ಒಂದು ಕಾಯಿಲೆಯೇ ಎಂದಳು ಡಾಕ್ಟರು. ಸಕ್ಕರೆಯಿರುವ ವಯಸ್ಸಾದವರಲ್ಲಿ ಎಷ್ಟೋ ಜನಕ್ಕೆ ಬರುತ್ತದೆ, ಇದು ಬಂದರೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಇದು ಹೆಚ್ಚುತ್ತದೆ, ಎರಡಕ್ಕೂ ಒಟ್ಟಿಗೇ ಔಷಧಿ ಬೇಕು. ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ, ಮೊದಮೊದಲು ಹೊಟ್ಟೆ ತೊಳಸುತ್ತದೆ, ಬಿಡಬಾರದು. ಗುರುವಾರ ಇಲ್ಲೇ ಸಕ್ಕರೆ, ಬಿಪಿ ಇರುವ ಮುದುಕರೆಲ್ಲ ಸೇರುತ್ತಾರೆ, ಅಲ್ಲಿಗೆ ಬರಬೇಕು. ದೋರ್ಸಿಲಾ ಹೂಂ ಅಂದಳು. ಡಾಕ್ಟರು ಅವಳನ್ನು ಬಿಟ್ಟು ಯೂನಿಯಾಳನ್ನು ನೋಡಿದಳು. "ನೀವು ಅವರಿಗೆ ಏನಾಗ್ಬೇಕು?"

"ವೈರಿ" ಎಂದಳು ಯೂನಿಯಾ. "ಕರ್ಕೊಂಡು ಬರ್ತೀನಿ ಬಿಡಿ."

ಒಕುಮು ಔಷಧಿಯ ಸಾಲಿನಲ್ಲಿ ನಿಂತಿದ್ದ. ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತರು. ಮಳೆ ನಿಂತು ತಗಡಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯೂನಿಯಾ ತನ್ನ ಮಂಡಿಗಳನ್ನು ತಿಕ್ಕಿಕೊಳ್ಳುತ್ತ ಕೂತವಳು ಇದ್ದಕ್ಕಿದ್ದಂತೆ ಅಂದಳು, "ನನ್ನ ಅಜ್ವಾಂಗ್ ಗೊತ್ತಾ ನಿನಗೆ?"

ಅಜ್ವಾಂಗ್ ಯೂನಿಯಾಳ ಮೊದಲ ಮಗಳು. ದೋರ್ಸಿಲಾ ಮದುವೆಯಾಗಿ ಬರುವ ಮುಂಚೆಯೇ ದಡಾರದಲ್ಲಿ ಹೋಗಿದ್ದ ಕೂಸು. ಹೆಸರು ಮಾತ್ರ ಕೇಳಿದ್ದಳು.

"ಅವಳು ಹೋಗಿ ವರ್ಷ ತುಂಬಿರಲಿಲ್ಲ, ನಿನ್ನ ತಂದ್ರು. ಮನೆ ಖಾಲಿ ಆಯ್ತು, ಇನ್ನೊಬ್ಬಳು ಬರ್ಲಿ ಅಂದ್ರು ಅತ್ತೆ. ನೀನು ಬಂದ ದಿನ ನಾನು ಮಾತಾಡಿಸ್ಲಿಲ್ಲ ಅಲ್ವಾ?"

"ಒಂದು ವರ್ಷ ಮಾತಾಡಿಸ್ಲಿಲ್ಲ" ಎಂದಳು ದೋರ್ಸಿಲಾ. ಅದು ಅವಳು ಎಂದೂ ಮರೆಯದ ಲೆಕ್ಕ. ಹೊಸ ಮದುವಣಗಿತ್ತಿಯಾಗಿ ಮಿಕಾಯಿಯ ಬಾಗಿಲಿಗೆ ಮೀನು ತೆಗೆದುಕೊಂಡು ಹೋದದ್ದು, ಒಳಗಿದ್ದವಳು ಮುಖವೆತ್ತಿಯೂ ನೋಡದೆ ಇದ್ದದ್ದು, ಆ ಮೀನನ್ನು ಬಾಗಿಲಲ್ಲೇ ನಾಯಿ ತಿಂದದ್ದು. ಜಗಳ ಶುರುವಾದದ್ದೇ ಅಲ್ಲಿಂದ.

"ಹೊಟ್ಟೆಕಿಚ್ಚು ಅಂದ್ಕೊಂಡೆ ನೀನು."

"ಊರೆಲ್ಲ ಹಾಗೇ ಅಂದ್ರು."

"ಹೊಟ್ಟೆಕಿಚ್ಚು ಪಡೋಕೂ ಹೊಟ್ಟೇಲಿ ಏನಾದ್ರೂ ಇರ್ಬೇಕು ಕಣೇ. ನನ್ನಲ್ಲಿ ಏನೂ ಇರ್ಲಿಲ್ಲ. ನೀನು ಬಂದಿದ್ದು ಗೊತ್ತಾಯ್ತು, ಮೀನು ತಂದಿದ್ದು ಗೊತ್ತಾಯ್ತು. ಎದ್ದು ತಗೋಬೇಕು ಅನ್ನಿಸ್ಲಿಲ್ಲ." ಯೂನಿಯಾ ಮಂಡಿ ತಿಕ್ಕುವುದನ್ನು ನಿಲ್ಲಿಸಿದಳು. "ಬೆಳಗ್ಗೆ ನೀನು ಒಲೆ ಹತ್ರ ಅದೇ ಮಾತು ಅಂದೆ. ಅದೇ ಮಾತು."

ದೋರ್ಸಿಲಾ ಕೇಳಿದಳು, "ಆಮೇಲೆ ಹೇಗೆ ಸರಿಹೋಯ್ತು?"

"ಎಲ್ಲಿ ಸರಿಹೋಯ್ತು. ಅರ್ಧ ಹೋಯ್ತು, ಅರ್ಧ ಉಳೀತು. ಯಾರೂ ಏನೂ ಕೇಳ್ಲಿಲ್ಲ. ಸೋಮಾರಿ ಅಂದ್ರು, ಅತ್ತೆ ಸೌಟಲ್ಲಿ ಹೊಡೆದ್ರು. ಆಮೇಲೆ ಒಂದು ದಿನ ನೀನು ನನ್ನ ಬೇಲೀಲಿ ಬಟ್ಟೆ ಒಣಗಿಸಿದೆ. ಸಿಟ್ಟು ಬಂತು. ಅಷ್ಟೆ. ನಿನಗೆ ಮಾತ್ರೆ ಇದೆ, ತೆಪ್ಪಗೆ ನುಂಗು."

ಇಷ್ಟು ದೊಡ್ಡ ಮಾತು ಕೇಳಿದ ಮೇಲೆ ಏನಾದರೂ ಆಗಬೇಕಿತ್ತು ಎಂದು ದೋರ್ಸಿಲಾಗೆ ಅನ್ನಿಸಿತು. ನಲವತ್ತು ವರ್ಷದ ದ್ವೇಷದ ಬುಡವೇ ಸುಳ್ಳಾಗಿತ್ತು. ಅವಳು ಕಾದಳು. ಏನೂ ಆಗಲಿಲ್ಲ. ತಗಡಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಒಕುಮು ಔಷಧಿಯ ಚೀಲ ಹಿಡಿದು ಬಂದ.

ಮಾರನೆಯ ಬೆಳಗಿನಿಂದ ಯೂನಿಯಾ ಅಂಗಳದ ತನ್ನ ಕಡೆಯನ್ನು ಬಿಟ್ಟು ದೋರ್ಸಿಲಾಳ ಬಾಗಿಲಿಗೇ ಬಂದು ಕೂರತೊಡಗಿದಳು. ಮಾತ್ರೆ ಬಾಯಿಗೆ ಹಾಕಿದ ಮೇಲೆ "ನಾಲಿಗೆ ಎತ್ತು" ಎನ್ನುತ್ತಿದ್ದಳು. ಚಾಪೆ ಎತ್ತಿ ಗುಡಿಸಿ ಹಳೆಯ ಮಾತ್ರೆಗಳನ್ನೆಲ್ಲ ಕಕ್ಕಸಿಗೆ ಎಸೆದಳು. ಹೊಸ ಔಷಧಿಗೆ ದೋರ್ಸಿಲಾಳ ಹೊಟ್ಟೆ ತೊಳಸಿ, ಉಂಡದ್ದೆಲ್ಲ ಹೊರಗೆ ಬಂದಾಗ ಯೂನಿಯಾ ಬೂದಿ ತಂದು ಮುಚ್ಚಿದಳು, ಬೈಯುತ್ತಲೇ. ಗುರುವಾರ ಬಂತೆಂದರೆ ಮತ್ತೆ ಬೈಕು, ಮತ್ತೆ ತಬ್ಬಿಕೊಂಡು ಕೂರುವುದು. ಆಸ್ಪತ್ರೆಯ ಹಿಂದಿನ ಮರದಡಿ ಮುದುಕ ಮುದುಕಿಯರು ಕುರ್ಚಿಯಲ್ಲಿ ಕೂತೇ ಕೈ ಮೇಲೆತ್ತಿ ಕೆಳಗಿಳಿಸುತ್ತಿದ್ದರು, ಒಬ್ಬರ ಪಾದವನ್ನು ಒಬ್ಬರು ಪರೀಕ್ಷಿಸುತ್ತಿದ್ದರು, ತಮ್ಮ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ದೋರ್ಸಿಲಾಗೆ ಅದೆಲ್ಲ ಮಕ್ಕಳಾಟದಂತೆ ಕಂಡಿತು. ಎತ್ತು ಅಂದಾಗ ಎತ್ತಿದಳು, ಇಳಿಸು ಅಂದಾಗ ಇಳಿಸಿದಳು. ಯೂನಿಯಾ ಮಾತ್ರ ಆ ಗುಂಪಿನಲ್ಲಿ ತನ್ನ ಮಂಡಿಯ ಕಥೆಯನ್ನು ಎಲ್ಲರಿಗೂ ಹೇಳಿ, ಸಕ್ಕರೆಯಿಲ್ಲದಿದ್ದರೂ ಸದಸ್ಯೆಯಾಗಿಬಿಟ್ಟಳು.

ಔಷಧಿಯನ್ನು ಒಮ್ಮೆ ಬದಲಿಸಿದರು. ಸುಟ್ಟ ಗಾಯ ಬೇಗ ಮಾಯಲಿಲ್ಲ. ಅದರ ಪಕ್ಕದ ಬೆರಳಿಗೂ ಕೀವು ಹಿಡಿದು, ಅದನ್ನೂ ತೆಗೆಯಬೇಕಾಯಿತು. ದೋರ್ಸಿಲಾ ಕೋಲು ಹಿಡಿದು ನಡೆಯಲು ಕಲಿತಳು. ಕಣ್ಣು ಮೊದಲಿನಂತಾಗಲಿಲ್ಲ. ಸಕ್ಕರೆ ಇಳಿಯಿತು, ಏರಿತು, ಮತ್ತೆ ಇಳಿಯಿತು.

ಜೋಳದ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಮನೆಯ ಮುಂದೆ ನೆರಳಿನಲ್ಲಿ ಕೂತಿದ್ದಳು. ಮಿಲ್ಡ್ರೆಡ್ ಒಣಹಾಕಿದ್ದ ಕಾಳಿಗೆ ಯೂನಿಯಾಳ ಕಂದು ಹೇಂಟೆ ಬಂದು ಬಾಯಿ ಹಾಕಿತು. ದೋರ್ಸಿಲಾ ನೋಡಿದಳು. ಹೇಂಟೆ ಕಾಲಲ್ಲಿ ಕೆದರಿ ಕಾಳನ್ನೆಲ್ಲ ಮಣ್ಣಿಗೆ ಚೆಲ್ಲಿತು. ಎದೆಯ ಕೆಳಗೆ ಎಲ್ಲೋ ಸಣ್ಣದಾಗಿ ಏನೋ ಬಿಸಿಯಾಯಿತು. ಅದು ಏನೆಂದು ಗೊತ್ತಾಗುವ ಮೊದಲೇ ಕೈಯಲ್ಲಿದ್ದ ಕೋಲು ಹೇಂಟೆಯ ಕಡೆ ಹಾರಿತ್ತು.

"ಮಿಕಾಯಿ, ನಿನ್ನ ದರಿದ್ರದ ಕೋಳೀನ ಕಟ್ಟಾಕ್ತೀಯೋ, ಇಲ್ಲ ಇವತ್ತು ನಾನು ಸಾರು ಮಾಡ್ಲೋ?"

ಮರದ ಕೆಳಗೆ ಸೊಪ್ಪು ಸೋಸುತ್ತಿದ್ದ ಯೂನಿಯಾ ತಲೆಯೆತ್ತಿದಳು. ಮಿಲ್ಡ್ರೆಡ್ ಅಡುಗೆ ಗುಡಿಸಲಿನಿಂದ ಹೊರಗೆ ಬಂದು ನಿಂತಳು.

"ಸಾರು ಮಾಡೋ ಮುಖ ನೋಡು" ಎಂದಳು ಯೂನಿಯಾ ಬಹಳ ನಿಧಾನವಾಗಿ, ರುಚಿ ನೋಡಿ ನೋಡಿ. "ನಿನ್ನ ಸಾರು ನಾಯೀನೂ ಮೂಸಲ್ಲ. ನಿಮ್ಮ ಉಯೋಮಾದಲ್ಲಿ ಕೋಳಿ ಅಂದ್ರೆ ಪುಕ್ಕ ಸಮೇತ ಬೇಯಿಸ್ತಾರೆ."

"ನಿನ್ನ ತವರು ಗೆಮ್‌ನಲ್ಲಿ ಕೋಳಿ ನೋಡಿದ್ರೆ ತಾನೆ ಬೇಯಿಸೋದು ಗೊತ್ತಿರೋಕೆ."

ಅದು ಊಟದ ಹೊತ್ತಿನವರೆಗೆ ನಡೆಯಿತು. ಯೂನಿಯಾಗೆ ಆವತ್ತು ತುಂಬ ಹಸಿವಾಯಿತೆಂದು ಮಿಲ್ಡ್ರೆಡ್ ಆಮೇಲೆ ಗಂಡನ ಬಳಿ ಹೇಳಿದಳು.

ಎಲ್ಲ ಮೊದಲಿನಂತಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸಾವಿನ ಮನೆಯವರು ಮತ್ತೆ ಹೇಳಿ ಕಳಿಸತೊಡಗಿದಾಗ ದೋರ್ಸಿಲಾ ಹೋಗಲಿಲ್ಲ. ಕಾಲಿನ ನೆಪ ಹೇಳಲಿಲ್ಲ, "ಇನ್ನು ನನ್ನಿಂದ ಆಗಲ್ಲ, ಬೇರೆಯವರು ಹಾಡ್ಲಿ" ಎಂದಳು. ತಮ್ಮನನ್ನು ನೆನೆದರೆ ಈಗ ಕೆಲವೊಮ್ಮೆ ಹಾಡಿನ ಮೊದಲ ಸಾಲು ಬಾಯಿಗೆ ಬರುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಉಂಡದ್ದು ರುಚಿಯೆನಿಸುವ ದಿನಗಳಿವೆ, ಏನೂ ಅನಿಸದ ದಿನಗಳೂ ಇವೆ. ಇಂಥ ದಿನ ಇಂಥದ್ದೆಂದು ಮೊದಲೇ ಗೊತ್ತಾಗುವುದಿಲ್ಲ.

ಮೊನ್ನೆ ಅಂಥದೇ ಒಂದು ಬೆಳಗ್ಗೆ. ಯೂನಿಯಾ ಮಾತ್ರೆಯ ಹೊತ್ತಿಗೆ ಬಂದು ಬಾಗಿಲು ತಳ್ಳಿದಳು. ದೋರ್ಸಿಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಏಳ್ತೀಯಾ?"

"ಇವತ್ತು ಅದು ಬಂದಿದೆ, ಮಿಕಾಯಿ."

ಯೂನಿಯಾ ಏನು ಬಂದಿದೆ ಎಂದು ಕೇಳಲಿಲ್ಲ. ನೀರಿನ ಲೋಟ ಹಿಡಿದು ಮಾತ್ರೆ ನುಂಗಿಸಿದಳು, ಗಂಜಿಯಲ್ಲಿ ನಾಲ್ಕು ಗುಟುಕು ಕುಡಿಸಿದಳು, ಪಾದಗಳನ್ನು ಬೆಳಕಿಗೆ ಹಿಡಿದು ಗಾಯವೇನಾದರೂ ಇದೆಯೇ ಎಂದು ತಿರುಗಿಸಿ ನೋಡಿದಳು. "ಸರಿ, ಮಲಗು" ಎಂದಳು. ಬಾಗಿಲನ್ನು ಮುಚ್ಚಲಿಲ್ಲ. ಹೊಸ್ತಿಲ ಆಚೆ ಕೂತು ತನ್ನ ಸೊಪ್ಪಿನ ಬುಟ್ಟಿಯನ್ನು ಎಳೆದುಕೊಂಡು, ಬೆಲೆ ಏರಿದ ಎಣ್ಣೆಯ ಬಗ್ಗೆ, ಮಿಲ್ಡ್ರೆಡ್ ಕಟ್ಟಿಗೆಯನ್ನು ಹಸಿಯಾಗಿ ತರುವುದರ ಬಗ್ಗೆ, ತನ್ನ ಮಂಡಿಯ ಬಗ್ಗೆ, ಯಾರಿಗೆಂದಿಲ್ಲದೆ ಹೇಳುತ್ತ ಕೂತಳು. ದೋರ್ಸಿಲಾ ಗೋಡೆ ನೋಡುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದಳು.